ಮೊದಲು ನೀರು, ಆಮೇಲೆ ಗಾಡಿ

ಯಾದಗಿರಿ, ಶಹಾಪುರ, ಸುರಪುರದ ಕಡೆ ಆಟ ಅಂದರೆ ಕಬಡ್ಡಿ, ವಾಲಿಬಾಲ್, ಈಗೀಗ ಓಣಿ ಓಣಿಗೂ ಕ್ರಿಕೆಟ್. ಫುಟ್‌ಬಾಲ್ ಆಡಿಸುವ ಹೈಸ್ಕೂಲು ಕಡಿಮೆ. ಶಹಾಪುರ ತಾಲ್ಲೂಕಿನ ಅಂಥದೊಂದು ಹೈಸ್ಕೂಲಿನಲ್ಲಿ ನಾನು ಓದಿದೆ. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ನಡೆದದ್ದು ಬೇರೆ ಯಾವ ಶಾಲೆಯಲ್ಲೂ ನಡೆಯಬಹುದಿತ್ತು, ನಡೆಯುತ್ತಲೂ ಇದೆ. 2017ರ ಮೇ ತಿಂಗಳ ಕೊನೆಗೆ, ಒಂಬತ್ತನೇ ಇಯತ್ತೆ ಮುಗಿಸಿ ಹತ್ತಕ್ಕೆ ಹೋಗುವ ನಡುವಿನ ಸೂಟಿಯಲ್ಲಿ, ಪ್ರಾಕ್ಟೀಸಿನ ಹೊತ್ತಿಗೆ ನನಗೆ ಬಿಸಿಲು ಬಡಿಯಿತು. ಸತ್ತೇ ಹೋಗುತ್ತಿದ್ದೆ.

ಈಗ ಡಿ.ಫಾರ್ಮಾ ಮುಗಿಸಿ ಸುರಪುರದಲ್ಲಿ ಸೋದರಮಾವನ ಮೆಡಿಕಲ್ ಅಂಗಡಿಯಲ್ಲಿ ಕೂಡುತ್ತೇನೆ. ಶಿವರಾತ್ರಿ ದಾಟಿತೆಂದರೆ ಸಂಜೆ ಹೊತ್ತು ಯಾರಾದರೂ ಬಂದು, “ಹುಡುಗ ಗ್ರೌಂಡಿಗಿ ಹೋಗಿ ಬಂದಾನ್ರಿ, ವಾಂತಿ ಮಾಡ್ಕೊಳ್ಳಾಕತ್ಯಾನ, ಏನರ ಗುಳಿಗಿ ಕೊಡ್ರಿ” ಅನ್ನುತ್ತಾರೆ. ಗುಳಿಗೆ ಕೊಡುವ ಮೊದಲು ನಾನು ಕೇಳುವುದು ಒಂದೇ: ಹುಡುಗ ನೆಟ್ಟಗೆ ಮಾತಾಡುತ್ತಾನೋ ಇಲ್ಲವೋ. ಯಾಕೆ ಹಾಗೆ ಕೇಳುತ್ತೇನೆ ಎಂಬುದನ್ನು ಹೇಳಲು ಇಷ್ಟು ಬರೆಯುತ್ತಿದ್ದೇನೆ.

ಸುಡುವ ಮೇ ತಿಂಗಳಲ್ಲಿ ಆಡಿಸುವ ಗರಜು ಏನಿತ್ತು ಎಂದು ಯಾರಿಗಾದರೂ ಅನಿಸಬಹುದು. ಕಾರಣ ಇತ್ತು. ಏರ್ ಮಾರ್ಷಲ್ ಸುಬ್ರತೋ ಮುಖರ್ಜಿಯವರ ಹೆಸರಿನಲ್ಲಿ 1960ರಿಂದ ನಡೆದುಬಂದ ಸುಬ್ರತೋ ಕಪ್ ಶಾಲಾ ಫುಟ್‌ಬಾಲಿನ ದೊಡ್ಡ ಪಂದ್ಯಾವಳಿ. ಅದರ ಕೆಳಹಂತದ ಪಂದ್ಯಗಳು ಶಾಲೆ ಶುರುವಾದ ಸ್ವಲ್ಪ ದಿನಕ್ಕೇ ಬಂದುಬಿಡುತ್ತವೆ. ತಂಡ ಕಟ್ಟಬೇಕೆಂದರೆ ಬೇಸಿಗೆ ಸೂಟಿಯಲ್ಲೇ ಕಟ್ಟಬೇಕು. ದಿಲ್ಲಿಯಲ್ಲಿ ಮಾಡಿದ ಆ ಪಂದ್ಯಾವಳಿಯ ಕ್ಯಾಲೆಂಡರಿಗೆ ನಮ್ಮ ಬಿಸಿಲಿನ ಪರಿಚಯ ಇರಲಿ ಎಂದು ಬಯಸುವುದೂ ತಪ್ಪೇ.

ಆ ವರ್ಷ ಸೂಟಿ ಬಿಟ್ಟ ಕೂಡಲೇ ನಾನು ಬೆಂಗಳೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿ ಫ್ಯಾನು ಹಾಕಿಕೊಂಡು, ಟಿವಿ ನೋಡಿಕೊಂಡು, ರಾತ್ರಿ ಚಾದರ ಹೊದ್ದು ಮಲಗಿ ದಿನ ಕಳೆದೆ. ಮೇ ಕೊನೆಗೆ ಊರಿಗೆ ಬಂದ ಮರುದಿನವೇ ಪ್ರಾಕ್ಟೀಸು. ಬಿಸಿಲನ್ನು ತಾಳಲು ಮೈ ಮೆಲ್ಲಗೆ ಕಲಿಯಬೇಕು, ಬೇಗ ಬೆವರುವುದನ್ನೂ ಬೆವರಿನಲ್ಲಿ ಉಪ್ಪು ಹೆಚ್ಚು ಹೋಗದಂತೆ ಉಳಿಸಿಕೊಳ್ಳುವುದನ್ನೂ ರೂಢಿ ಮಾಡಿಕೊಳ್ಳಬೇಕು, ಅದಕ್ಕೆ 10ರಿಂದ 14 ದಿನ ಬೇಕು ಎಂದು ಆಮೇಲೆ ಓದಿ ತಿಳಿದೆ. ಊರಲ್ಲೇ ಇದ್ದ ನನ್ನ ದೋಸ್ತರು ಅವತ್ತು ಉಳಿದರು, ನಾನು ಬಿದ್ದೆ. ಅವರೇನು ನನಗಿಂತ ಗಟ್ಟಿಗರಲ್ಲ. ಅವರ ಮೈಗೆ ರೂಢಿ ಆಗಿತ್ತು.

ಹಿಂದಿನ ರಾತ್ರಿ ಮಳೆ ಬಿದ್ದಿತ್ತು. ಆ ಮಳೆಯ ಬಗ್ಗೆ ಎರಡು ಮಾತು ಹೇಳಲೇಬೇಕು. ಗಾಳಿ, ಗುಡುಗು, ಒಂದು ಹದ ಆಗುವಷ್ಟು ನೀರು. ಬೆಳಿಗ್ಗೆ ಎಲ್ಲರ ಮುಖದಲ್ಲೂ ಸಮಾಧಾನ. ವಾರದಿಂದ 42, 43 ಅನ್ನುತ್ತಿದ್ದ ಬಿಸಿಲು ಇಳಿದಿತ್ತು. “ಇವತ್ತ ತಂಪದ, ಇವತ್ತ ಚಂದ ಆಡಬಹುದು” ಎಂದು ನಮ್ಮನ್ನು ಆಡಿಸುವ ಸರ್ ನಾಲ್ಕು ಗಂಟೆಯ ಪ್ರಾಕ್ಟೀಸನ್ನು ಮೂರಕ್ಕೆ ಕರೆದರು. ಆದರೆ ಮೈ ತಣಿಯುವುದು ಬೆವರು ಸುರಿಯುವುದರಿಂದಲ್ಲ, ಸುರಿದ ಬೆವರು ಆರುವುದರಿಂದ. ಒಣ ಬಿಸಿಲಿನಲ್ಲಿ ಬೆವರು ಚರ್ಮದ ಮೇಲೆಯೇ ಆರಿಹೋಗುತ್ತದೆ. ಮಳೆ ಬಿದ್ದ ಮರುದಿನ ಹಸಿ ನೆಲ ಉಗಿ ಬಿಡುತ್ತದೆ. ನಮ್ಮ ಗ್ರೌಂಡಿನ ಸುತ್ತಲೂ ಕೃಷ್ಣಾ ಕಾಲುವೆಯ ಗದ್ದೆಗಳು. ನಾರಾಯಣಪುರದ ಬಸವಸಾಗರದಿಂದ ನೀರು ಬಂದ ಮೇಲೆ ಜೋಳದ ಹೊಲವೆಲ್ಲ ಭತ್ತದ ಗದ್ದೆ ಆದ ಸೀಮೆ ಇದು. ಅಂಥ ಕಡೆ 38 ಡಿಗ್ರಿ ಅಂದರೂ ಬೆವರು ಆರದೆ ಅಂಗಿ ಮೈಗೆ ಅಂಟಿಕೊಳ್ಳುತ್ತದೆ. ಅಮೆರಿಕದ ನೌಕಾಸೇನೆಯವರು ತಮ್ಮ ತರಬೇತಿ ಶಿಬಿರಗಳಲ್ಲಿ ಹುಡುಗರು ಬೀಳುವುದನ್ನು ನೋಡಿ, ಬರೀ ತಾಪಮಾನ ನೋಡಿದರೆ ಸಾಲದು, ಗಾಳಿಯ ತೇವ, ಬಿಸಿಲಿನ ಝಳ, ಗಾಳಿಯ ಓಡಾಟ ಇವೆಲ್ಲ ಸೇರಿದ ಬೇರೆಯೇ ಒಂದು ಅಳತೆ ಬೇಕೆಂದು 1950ರ ದಶಕದಲ್ಲೇ ಕಂಡುಕೊಂಡರು. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರು, ಕಪ್ಪು ಗುಂಡಿನ ಥರ್ಮಾಮೀಟರು ಇಟ್ಟು ಅಳೆಯುವ ಲೆಕ್ಕ ಅದು. ಆ ಅಳತೆ 32 ಮುಟ್ಟಿದರೆ ಫಿಫಾ ಆಟದ ನಡುವೆ ನೀರಿಗೆ ಬಿಡುವು ಕೊಡುತ್ತದೆ. ಆ ಮಧ್ಯಾಹ್ನ ನಮ್ಮ ಗ್ರೌಂಡಿನಲ್ಲಿ ಯಾವ ಥರ್ಮಾಮೀಟರೂ ಇರಲಿಲ್ಲ, “ತಂಪದ” ಎಂಬ ಒಂದು ಮಾತಿತ್ತು.

ಮೊದಲು ಸುತ್ತು ಓಟ, ಆಮೇಲೆ ಪಾಸಿಂಗ್, ಆಮೇಲೆ ಎರಡು ತಂಡ ಮಾಡಿ ಆಟ. ನೀರಿನ ಕೊಡ ಬೇವಿನ ಗಿಡದ ಕೆಳಗೆ ಇತ್ತು. ಆಟದ ನಡುವೆ ಅದನ್ನು ಮುಟ್ಟುವಂತಿಲ್ಲ. ನಡುವೆ ನೀರು ಕುಡಿದರೆ ಹೊಟ್ಟೆಯಲ್ಲಿ ಚಳಕು ಹಿಡಿಯುತ್ತದೆ ಎಂಬುದು ನಮ್ಮ ಸರ್ ಅವರ ನಂಬಿಕೆ. ಅವರ ಸರ್ ಅವರಿಗೂ ಅದನ್ನೇ ಹೇಳಿರಬೇಕು. ನಾವು ಹುಡುಗರೂ ನಂಬಿದ್ದೆವು. ನೀರು ಕೇಳುವವನು ಹೇಡಿ ಎಂಬ ಲೆಕ್ಕವೂ ಅದರ ಜೊತೆ ಇತ್ತು.

ನನಗೆ ನೆನಪಿರುವುದು ಸ್ವಲ್ಪವೇ. ತಲೆ ನೋಯುತ್ತಿತ್ತು. ಮೀನಖಂಡ ಬಿಗಿಯುತ್ತಿತ್ತು. ಆಮೇಲೆ ಒಂದು ವಿಚಿತ್ರ ಆಯಿತು. ಅಷ್ಟು ಸೆಕೆಯಲ್ಲಿ ನನಗೆ ಚಳಿ ಹತ್ತಿತು, ತೋಳ ಮೇಲೆ ಮುಳ್ಳು ಎದ್ದವು. ‘ಅಬ್ಬಾ, ತಂಪಾಯ್ತು’ ಎಂದುಕೊಂಡದ್ದು ನನ್ನ ಕೊನೆಯ ಸರಿಯಾದ ನೆನಪು. ಉಳಿದದ್ದನ್ನೆಲ್ಲ ಹೇಳಿದವನು ನಮ್ಮ ಗೋಲಿ, ಇವತ್ತಿಗೂ ನನ್ನ ಖಾಸಾ ದೋಸ್ತ.

ಅವನು ಹೇಳುವ ಪ್ರಕಾರ ನಾನು ಚೆಂಡನ್ನು ನಮ್ಮದೇ ಗೋಲಿನ ಕಡೆ ಹೊಡೆದುಕೊಂಡು ಬಂದೆ. ಎಲ್ಲರೂ ನಕ್ಕರು. ನಾನು ಸಿಟ್ಟಿಗೆದ್ದು ಅವನ ಕೊರಳಪಟ್ಟಿ ಹಿಡಿದೆ, ಬೈದೆ, ಬೈದ ಮಾತಿಗೆ ತಲೆಬುಡ ಇರಲಿಲ್ಲ. ಜಗಳ ಆಡಿದ್ದಕ್ಕೆ ಸರ್ ಗ್ರೌಂಡಿನ ಸುತ್ತ ಓಡಲು ಹೇಳಿದರು. ಓಡಿದೆನಂತೆ. ಸೊಟ್ಟ ಸೊಟ್ಟ ಓಡಿದೆನಂತೆ. ಮೊದಲನೇ ಸಲ ಬಿದ್ದಾಗ ಸರ್, “ನಾಟಕ ಮಾಡಬ್ಯಾಡ, ಏಳ್ ಮ್ಯಾಲ” ಅಂದರು. ಎದ್ದೆ. ಎರಡನೇ ಸಲ ಬಿದ್ದವನು ಏಳಲಿಲ್ಲ.

ಆಗ ಎಲ್ಲರೂ ಗಾಬರಿಯಾದರು. ಸರ್ ಮೈ ಮುಟ್ಟಿ ನೋಡಿದರು. ಮೈ ಕೆಂಡ, ಆದರೆ ಬೆವರು ಸುರಿಯುತ್ತಲೇ ಇತ್ತು. ಬೆವರು ಬರುತ್ತಿದೆ ಅಂದಮೇಲೆ ಬಿಸಿಲು ಬಡಿದದ್ದಲ್ಲ, ಬರೇ ನಿಶ್ಶಕ್ತಿ ಎಂದು ತಿಳಿದರು. ಇದೊಂದು ಮಾತು ದಯವಿಟ್ಟು ನೆನಪಿಡಿ: ಮನೆಯಲ್ಲಿ ಕುಳಿತ ಮುದುಕರಿಗೆ ಬಿಸಿಲು ಬಡಿದಾಗ ಹೆಚ್ಚಾಗಿ ಮೈ ಒಣಗಿರುತ್ತದೆ, ಓಡಿ ಆಡಿ ಬಿದ್ದವನಿಗೆ ಬೆವರು ಧಾರಾಳ ಇರಬಹುದು. ಗುರುತು ಬೆವರಿನಲ್ಲಿಲ್ಲ, ಬುದ್ಧಿಯಲ್ಲಿದೆ. ತೊದಲುವುದು, ಕಾರಣವಿಲ್ಲದೆ ಸಿಟ್ಟಿಗೇಳುವುದು, ದಿಕ್ಕು ತಪ್ಪುವುದು, ಮಂಕು ಹಿಡಿದು ನೋಡುವುದು, ಅದೇ ಗುರುತು. ಒಳಮೈ 40 ಡಿಗ್ರಿ ದಾಟಿ ತಲೆ ಕೆಟ್ಟಿತೆಂದರೆ ಅದು ಪ್ರಾಣದ ಪ್ರಶ್ನೆ.

ಒಬ್ಬ ಬಾಯಿಗೆ ನೀರು ಹಾಕಲು ಹೋದ, ಒಬ್ಬ ಉಳ್ಳಾಗಡ್ಡಿ ಜಜ್ಜಿ ಮೂಗಿಗೆ ಹಿಡಿದ, ಇನ್ನೊಬ್ಬ ಫಿಟ್ಸ್ ಇರಬೇಕು ಎಂದು ಕೀಲಿಕೈ ಹುಡುಕಿದ. ಸರ್ ಮೋಟರ್ ಸೈಕಲ್ ಚಾಲೂ ಮಾಡಿದರು. ಇಬ್ಬರ ನಡುವೆ ಕೂರಿಸಿಕೊಂಡು ಶಹಾಪುರಕ್ಕೆ ಒಯ್ಯುವುದೆಂದು ನಿರ್ಧಾರ ಆಯಿತು. ಅಷ್ಟರಲ್ಲಿ ಪಕ್ಕದ ಹೊಲದಿಂದ ಒಬ್ಬಾಕೆ ಬದುವು ದಾಟಿ ಬಂದಳು. ವಯಸ್ಸಾದಾಕೆ, ನಾವೆಲ್ಲ ಆಯಿ ಅನ್ನುತ್ತಿದ್ದೆವು. ನಮ್ಮ ಚೆಂಡು ಅವಳ ಹತ್ತಿಗೆ ಬಿದ್ದಾಗಲೆಲ್ಲ ನಮ್ಮನ್ನು ಬೈಯುತ್ತಿದ್ದಾಕೆ ಆಕೆಯೇ.

ಆಕೆ ನನ್ನ ಕೊರಳು ಮುಟ್ಟಿ ನೋಡಿದಳು. “ಎಲ್ಲಿಗಿ ಒಯ್ತೀರೋ ಇವನ್ನ? ಒಯ್ಯೋದ್ರಾಗ ಹೆಣ ಆಗ್ತಾನ. ಮೊದ್ಲ ನೀರಾಗ ಹಾಕ್ರಿ, ಗಾಡಿ ಆಮ್ಯಾಲ” ಅಂದಳು.

ಆಕೆಯ ಹೊಲದ ಕೊಟ್ಟಿಗೆ ಮುಂದೆ ದನ ನೀರು ಕುಡಿಯುವ ಸಿಮೆಂಟಿನ ತೊಟ್ಟಿ ಇತ್ತು. ಬೋರಿನ ನೀರು. ಹುಡುಗರು ಕೈಕಾಲು ಹಿಡಿದು ಎತ್ತಿ ಅದರೊಳಗೆ ನನ್ನನ್ನು ಎದೆಮಟ ಇಳಿಸಿದರು. ಗೋಲಿ ಹಿಂದೆ ಕುಂತು ಕಂಕುಳಲ್ಲಿ ಕೈ ಹಾಕಿ, ತಲೆ ಮುಳುಗದಂತೆ ಹಿಡಿದ. ಆಯಿ ಚರಿಗೆಯಿಂದ ನೆತ್ತಿಗೆ ನೀರು ಹೊಯ್ಯುತ್ತಲೇ ಇದ್ದಳು. ತೊಟ್ಟಿಯ ಗೋಡೆಗೆ ಪಾಚಿ ಹಿಡಿದಿತ್ತಂತೆ, ಮೇಲೆ ಹೊಟ್ಟು ತೇಲುತ್ತಿತ್ತಂತೆ, ಒಂದು ಎಮ್ಮೆ ಪಕ್ಕದಲ್ಲಿ ನಿಂತು ತನ್ನ ನೀರಿನಲ್ಲಿ ಇವನ್ಯಾರು ಎಂಬಂತೆ ನೋಡುತ್ತಿತ್ತಂತೆ. ನೀರು ಬೆಚ್ಚಗಾಗುತ್ತದೆ ಎಂದು ಆಕೆ ಮೋಟರ್ ಚಾಲೂ ಮಾಡಿಸಿ ಹೊಸ ನೀರು ಬಿಡಿಸಿದಳು, ಕೈಯಿಂದ ನೀರು ಕದಡುತ್ತಿರಲು ಹೇಳಿದಳು. ಒಬ್ಬ ಹುಡುಗ ರಸ್ತೆಯ ಕಬ್ಬಿನ ಹಾಲಿನ ಅಂಗಡಿಗೆ ಓಡಿ ಗೋಣಿಚೀಲದಲ್ಲಿ ಸುತ್ತಿದ ಬರ್ಫಿನ ಗಡ್ಡೆ ತಂದ. ಅದನ್ನು ಒಡೆದು ತೊಟ್ಟಿಗೆ ಹಾಕಿದರು. ಮತ್ತೊಬ್ಬ 108ಕ್ಕೆ ಫೋನು ಹಚ್ಚಿದ. ಗಾಡಿ ಬರುವ ಹೊತ್ತಿಗೆ ನಾನು ನಡುಗುತ್ತಾ “ಯವ್ವಾ” ಅಂದಿದ್ದೆನಂತೆ. ಆಯಿ ಆಗ ತೊಟ್ಟಿಯಿಂದ ಎತ್ತಲು ಬಿಟ್ಟಳು.

ಆಕೆಗೆ ಇದು ಹೇಗೆ ಗೊತ್ತಿತ್ತು ಎಂದು ಆಮೇಲೆ ಕೇಳಿದ್ದೇನೆ. “ಎಮ್ಮಿ ಬಿಸಲಿಗಿ ಬಿದ್ರ ದವಾಖಾನಿಗಿ ಹೊಡಕೊಂಡು ಹೋಗ್ತಾರೇನೋ? ನೀರಿಗಿ ಇಳಸ್ತಾರ” ಅಂದಳು. ಶಾಲೆಯ ಮೆಟ್ಟಿಲು ಹತ್ತದ ಆಯಿ ಹೇಳಿದ್ದನ್ನೇ ಅಮೆರಿಕದ ಕ್ರೀಡಾ ವೈದ್ಯರು ತಮ್ಮ ಮೊದಲ ಸೂತ್ರ ಮಾಡಿಕೊಂಡಿದ್ದಾರೆ: ಮೊದಲು ತಣಿಸಿ, ಆಮೇಲೆ ಸಾಗಿಸಿ. ಮೈ ಎಷ್ಟು ಕಾದಿದೆ ಎಂಬುದಕ್ಕಿಂತ ಎಷ್ಟು ಹೊತ್ತು ಕಾದಿತ್ತು ಎಂಬುದೇ ಸಾವು ಬದುಕನ್ನು ತೀರ್ಮಾನಿಸುತ್ತದೆ. ಬಿದ್ದ ಅರ್ಧ ಗಂಟೆಯೊಳಗೆ ಮೈಯ ಶಾಖ ಇಳಿಸಿಬಿಟ್ಟರೆ ಹೆಚ್ಚುಕಡಿಮೆ ಎಲ್ಲರೂ ಉಳಿಯುತ್ತಾರೆ. ಅಲ್ಲಿ ಫಾಲ್‌ಮೌತ್ ಎಂಬ ಊರಿನಲ್ಲಿ ಪ್ರತಿವರ್ಷ ಆಗಸ್ಟಿನಲ್ಲಿ ಏಳು ಮೈಲಿಯ ಓಟ ನಡೆಯುತ್ತದೆ. 18 ವರ್ಷಗಳ ದಾಖಲೆ ತೆಗೆದು ನೋಡಿದಾಗ 274 ಜನ ಹೀಗೆ ಬಿದ್ದಿದ್ದರು. ಎಲ್ಲರನ್ನೂ ಅಲ್ಲೇ ಬರ್ಫಿನ ನೀರಿನ ತೊಟ್ಟಿಯಲ್ಲಿ ಇಳಿಸಿದ್ದರು. ಒಬ್ಬರೂ ಸತ್ತಿಲ್ಲ.

ತಣಿಸದೆ ಬಿಟ್ಟದ್ದರ ಕಥೆಯೂ ಅದೇ ದೇಶದಲ್ಲಿದೆ. ಅವರ ಫುಟ್‌ಬಾಲ್ ಬೇರೆ, ಕೈಯಲ್ಲಿ ಹಿಡಿದು ಓಡುವ ಆಟ, ತಲೆಗೆ ಹೆಲ್ಮೆಟ್, ಮೈಗೆ ದಪ್ಪ ಪ್ಯಾಡು. 2001ರ ಬೇಸಿಗೆ ಶಿಬಿರದಲ್ಲಿ ಮಿನೆಸೋಟ ವೈಕಿಂಗ್ಸ್ ತಂಡದ ಕೋರಿ ಸ್ಟ್ರಿಂಗರ್ ಕುಸಿದು ಆಗಸ್ಟ್ 1ರಂದು ತೀರಿಹೋದ. ಅವನ ಹೆಸರಿನಲ್ಲಿ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ 2010ರಿಂದ ಒಂದು ಸಂಸ್ಥೆ ಇದೇ ಕೆಲಸ ಮಾಡುತ್ತಿದೆ. 2008ರಲ್ಲಿ ಕೆಂಟಕಿಯ ಒಂದು ಹೈಸ್ಕೂಲಿನ ಹುಡುಗ, ನನ್ನಂತೆಯೇ 15 ವರ್ಷದವನು, ಓಟದ ನಡುವೆ ಬಿದ್ದು ಮೂರು ದಿನಕ್ಕೆ ಸತ್ತ. ಅವನ ಕೋಚಿನ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಿತು, 2009ರಲ್ಲಿ ಜ್ಯೂರಿ ಬಿಡುಗಡೆ ಮಾಡಿತು. ಆ ಹುಡುಗನ ಬಗ್ಗೆ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ವಿಷಯಕ್ಕೆ ಬರುತ್ತೇನೆ. ಆಸ್ಪತ್ರೆಯಲ್ಲಿ ಕಂಕುಳಿಗೆ ಥರ್ಮಾಮೀಟರ್ ಇಟ್ಟಾಗ 102 ಇತ್ತಂತೆ, ಅದೂ ತೊಟ್ಟಿಯಿಂದ ಎದ್ದು ಬಂದ ಮೇಲೆ. ಸಲೈನ್ ಹಚ್ಚಿ, ರಾತ್ರಿಯೇ ಜೇವರ್ಗಿ ಮೇಲೆ ಹಾದು ಕಲಬುರಗಿಗೆ ಕಳಿಸಿದರು. ಕಟ್ಟಿ ಸಂಗಾವಿ ಸೇತುವೆ ಬಂದಾಗ ಅವ್ವ ಭೀಮಾ ಹೊಳೆಗೆ ಕೈ ಮುಗಿದು ನಾಣ್ಯ ಎಸೆದಳಂತೆ. ಮರುದಿನ ನನಗೆ ಪೂರ್ತಿ ಎಚ್ಚರವಾಯಿತು. ತೊಡೆ, ಮೀನಖಂಡ ಒನಕೆಯಿಂದ ಕುಟ್ಟಿದಷ್ಟು ನೋವು. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ಬಂದಿತ್ತು. ಅತಿ ಶಾಖಕ್ಕೆ ಮಾಂಸಖಂಡ ಒಡೆದು, ಆ ಒಡೆದ ಚೂರುಪಾರು ರಕ್ತದಲ್ಲಿ ಸೇರಿ ಕಿಡ್ನಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ ಎಂದು ಡಾಕ್ಟರು ಅಪ್ಪನಿಗೆ ತಿಳಿಸಿ ಹೇಳಿದರು. ಡಯಾಲಿಸಿಸ್ ಬೇಕಾಗಬಹುದು, ಎರಡು ದಿನ ನೋಡೋಣ ಅಂದರು. ಅಪ್ಪ ಹೊರಗೆ ಹೋಗಿ ಎರಡು ಎಕರೆ ಹೊಲದ ರೇಟು ಕೇಳಲು ಯಾರಿಗೋ ಫೋನು ಮಾಡಿದ. ಅದು ನನಗೆ ಕಿಟಕಿಯಲ್ಲಿ ಕೇಳಿಸಿತು. ಡಯಾಲಿಸಿಸ್ ಬೇಕಾಗಲಿಲ್ಲ, ಹೊಲ ಉಳಿಯಿತು, ಅವ್ವನ ಬೋರಮಾಳ ಮಾತ್ರ ಹೋಯಿತು.

ಮನೆಗೆ ಬಂದ ಮೇಲೂ ಮೈ ಮೊದಲಿನಂತಿರಲಿಲ್ಲ. ಒಲೆ ಮುಂದೆ ಕೂತರೆ ತಲೆ ತಿರುಗುತ್ತಿತ್ತು. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಜಗಳ ಆಡುತ್ತಿದ್ದೆ. ಒಂದು ಸಲ ಹೀಗೆ ಬಿದ್ದವನಿಗೆ ಶಾಖ ತಾಳುವ ಶಕ್ತಿ ಬಹಳ ದಿನ ಕಡಿಮೆಯಾಗಿಯೇ ಇರುತ್ತದಂತೆ. ಹತ್ತನೇ ಇಯತ್ತೆ ಹೇಗೋ ಪಾಸಾದೆ. ಊರಿನವರು ದೃಷ್ಟಿ ತಾಕಿದೆ ಅಂದರು, ಅವ್ವ ತೆಗೆಸಿದಳು. ಅದರಿಂದ ನಷ್ಟವೇನಿಲ್ಲ, ಜೊತೆಗೆ ಮಜ್ಜಿಗೆ, ಅಂಬಲಿಯೂ ನಡೆದಿತ್ತು.

ಸರ್ ಒಮ್ಮೆ ಮನೆಗೆ ಬಂದರು. ಮಾತಾಡದೆ ಬಹಳ ಹೊತ್ತು ಕೂತಿದ್ದರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ. ಆದರೆ ನೀರಿಗೆ ಬೇಲಿ ಹಾಕುವುದು, ಶಿಕ್ಷೆಗೆ ಓಡಿಸುವುದು, ಬಿದ್ದವನಿಗೆ ನಾಟಕ ಅನ್ನುವುದು, ಈ ಮೂರನ್ನು ಮಾತ್ರ ನಾನು ಮಾಫಿ ಮಾಡಲಾರೆ, ಯಾರು ಮಾಡಿದರೂ.

ಇನ್ನೊಂದು ವಿಷಯ ನನ್ನ ಹೊಟ್ಟೆ ಉರಿಸುತ್ತದೆ. ಏಪ್ರಿಲ್, ಮೇ ಬಂದರೆ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತವೆ. ಫ್ಯಾನಿನ ಕೆಳಗೆ ಫೈಲು ನೋಡುವವರಿಗೆ ಬಿಸಿಲು ತಾಗಬಾರದು ಎಂಬ ಕಾಳಜಿ ಒಳ್ಳೆಯದೇ. ಹಾಗಾದರೆ ಮಧ್ಯಾಹ್ನ ಮೂರಕ್ಕೆ ಬಯಲಿನಲ್ಲಿ ಓಡುವ ಹುಡುಗನಿಗೆ? ಕತಾರಿನ ಬಿಸಿಲಿಗೆ ಅಂಜಿ ಫಿಫಾ 2022ರ ವಿಶ್ವಕಪ್ಪನ್ನೇ ನವೆಂಬರ್, ಡಿಸೆಂಬರಿಗೆ ಒಯ್ಯಿತು. ನಮ್ಮಲ್ಲಿ ಪ್ರಾಕ್ಟೀಸನ್ನು ಮೂರು ಗಂಟೆಯಿಂದ ಬೆಳಗಿನ ಆರಕ್ಕೆ ಒಯ್ಯಲು ಯಾರ ಅಪ್ಪಣೆಯೂ ಬೇಕಿಲ್ಲ.

‘ಬಿಸಿಗಾಳಿ ಎಚ್ಚರಿಕೆ ಬಂದಿಲ್ಲವಲ್ಲ’ ಎಂದು ಕಾಯುವುದೂ ಸರಿಯಲ್ಲ. ಹವಾಮಾನ ಇಲಾಖೆ ಬಯಲು ಸೀಮೆಯಲ್ಲಿ ಬಿಸಿಗಾಳಿ ಎಂದು ಹೇಳಬೇಕಾದರೆ ತಾಪಮಾನ 40 ಮುಟ್ಟಿ, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು, ಇಲ್ಲವೆ ನೇರ 45 ಮುಟ್ಟಬೇಕು. ನಮ್ಮ ಮೇ ತಿಂಗಳ ವಾಡಿಕೆಯೇ 40ರ ಆಸುಪಾಸು ಇರುವಾಗ 43 ಆದರೂ ಅದು ಲೆಕ್ಕದಲ್ಲಿ ಬರೀ ಬೇಸಿಗೆ. ನಾನು ಬಿದ್ದ ದಿನ ಯಾವ ಎಚ್ಚರಿಕೆಯೂ ಇರಲಿಲ್ಲ.

ಅಂಗಡಿಯವನಾಗಿ ಒಂದು ಮಾತು. ಆಡಿ ಬಂದ ಹುಡುಗನಿಗೆ ಜ್ವರದ ಗುಳಿಗೆ ಕೇಳಬೇಡಿ, ಪ್ಯಾರಾಸಿಟಮಾಲ್ ಈ ಶಾಖವನ್ನು ಇಳಿಸುವುದಿಲ್ಲ. ಓಆರ್‌ಎಸ್ ಕೇಳುವಾಗ ಪುಡಿ ಪಾಕೀಟೇ ಕೇಳಿ, ಪಾಕೀಟಿನ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದಿದೆಯೋ ನೋಡಿ, ದೊಡ್ಡ ಪಾಕೀಟನ್ನು ಪೂರ್ತಿ ಒಂದು ಲೀಟರಿಗೇ ಕಲಸಿ. ಹಣ್ಣಿನ ರಸದ ಸಕ್ಕರೆ ನೀರನ್ನು ಅದೇ ಹೆಸರಿನಲ್ಲಿ ಮಾರುತ್ತಿದ್ದವರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ತಡೆ ಹಾಕಿದೆ. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಓಆರ್‌ಎಸ್ಸೂ ಬೇಡ, ನೀರೂ ಬೇಡ, ಉಸಿರುನಾಳಕ್ಕೆ ಹೋಗುತ್ತದೆ.

ಈಗ ಭಾನುವಾರ ಬೆಳಿಗ್ಗೆ ಸುರಪುರದಲ್ಲಿ ಹುಡುಗರ ಜೊತೆ ನಾನೂ ಆಡುತ್ತೇನೆ. ಎಂಟು ಗಂಟೆಗೆ ಆಟ ಬಂದ್. ನೀರು ಗೋಲುಕಂಬದ ಪಕ್ಕದಲ್ಲೇ ಇರುತ್ತದೆ, ಯಾರು ಯಾವಾಗ ಬೇಕಾದರೂ ಕುಡಿಯಬಹುದು. ಬೇರೆ ಊರಿಂದ ಹೊಸದಾಗಿ ಬಂದವನಿಗೂ, ಜ್ವರ ಭೇದಿಯಿಂದ ಎದ್ದವನಿಗೂ ಮೊದಲ ವಾರ ಅರ್ಧ ಆಟ. ಎಲ್ಲ ಕಡೆ ದನದ ತೊಟ್ಟಿ ಸಿಗುವುದಿಲ್ಲ, ಅದಕ್ಕೆ ಒಂದು ತಾಡಪತ್ರಿ ಇಟ್ಟುಕೊಂಡಿದ್ದೇವೆ, ರಾಶಿಗೆ ಹಾಸುತ್ತಾರಲ್ಲ ಅದೇ. ಬಿದ್ದವನನ್ನು ಅದರ ನಡುವೆ ಮಲಗಿಸಿ, ನಾಲ್ಕು ಜನ ಅಂಚು ಎತ್ತಿ ಹಿಡಿದು, ಕೊಡದ ನೀರು, ಬರ್ಫು ಸುರಿದು ಅಲುಗಾಡಿಸಿದರೆ ಅದೇ ತೊಟ್ಟಿ. ಪರದೇಶದ ತಂಡಗಳೂ ಇದನ್ನೇ ಮಾಡುತ್ತವೆ. ನಾವು ಒಮ್ಮೆ ಸುಮ್ಮನೆ ಮಾಡಿ ನೋಡಿದ್ದೇವೆ, ಹುಡುಗರಿಗೆ ಅದೇ ಒಂದು ಆಟವಾಯಿತು.

ದೈಹಿಕ ಶಿಕ್ಷಕರಲ್ಲಿ, ಎಸ್‌ಡಿಎಂಸಿ ಸದಸ್ಯರಲ್ಲಿ ನನ್ನ ಕೋರಿಕೆ ಇಷ್ಟೇ. ಮಾರ್ಚಿನ ಸಭೆಯಲ್ಲಿ ಒಂದು ಠರಾವು ಬರೆಸಿ: ಏಪ್ರಿಲಿನಿಂದ ಮಳೆಗಾಲ ನೆಲೆ ನಿಲ್ಲುವವರೆಗೆ ಬೆಳಿಗ್ಗೆ ಎಂಟರ ಮೇಲೆ ಪ್ರಾಕ್ಟೀಸಿಲ್ಲ, ನೀರಿಗೆ ತಡೆಯಿಲ್ಲ, ಶಿಕ್ಷೆಗೆ ಓಟವಿಲ್ಲ, ಗ್ರೌಂಡಿಗೆ ಒಂದು ತಾಡಪತ್ರಿ, ನಾಲ್ಕು ಕೊಡ ನೀರು. ಹುಡುಗ ತೊದಲಿದ ಕೂಡಲೇ ನೀರಿಗೆ ಇಳಿಸಿ, ಆ ಕೆಲಸ ನಡೆದಿರುವಾಗಲೇ 108ಕ್ಕೆ ಫೋನು ಹಚ್ಚಿ.